ಪಿಸ್ತೂಲು ತೋಟೆಯ ಖಾಲಿ ಹಿತ್ತಾಳೆ ಕೇಸ್‌ಗಳನ್ನು ಬೇರ್ಪಡಿಸುವ ಸರಿಯಾದ ಕ್ರಮ ಯಾವುದು? ಬಲ್ಲವರು ತಿಳಿಸಬೇಕು

ನೀರ್ಚಾಲಿನ ನಿವೃತ್ತ ಅಧ್ಯಾಪಕ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ಮಗ ಅಮೆರಿಕದ ಅರಿಝೋನದಲ್ಲಿದ್ದಾನೆ. ಪಿಸ್ತೂಲಿನಲ್ಲಿ ಗುರಿ ಹೊಡೆಯುವುದು ಅವನ ಹವ್ಯಾಸ. ಹಾರಿಸಿದ ತೋಟೆಗಳ ಖಾಲಿ ಕೇಸ್‌ಗಳನ್ನು ಹೆಕ್ಕಿ ತಂದು, ಹೊಸ ಕೇಪು (ತಳದ ಗುಳಿಯಲ್ಲಿ ಕುಳಿತು, ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಕೊಡುವ ಸಣ್ಣ ಬಟ್ಟಲು), ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುವುದು ಅಲ್ಲಿ ಸ್ವಂತ ಬಳಕೆಯ ಮಟ್ಟಿಗೆ ಕಾನೂನು ಒಪ್ಪುವ ಕೆಲಸ. ನಾನೂ ನನ್ನ ಪತ್ನಿಯೂ ಕೆಲವು ತಿಂಗಳು ಅವನಲ್ಲಿದ್ದಾಗ, ಹೊತ್ತು ಹೋಗದೆ ಕುಳಿತಿದ್ದ ನನಗೆ ಅವನು ಒಂದು ಬಕೆಟ್ ತುಂಬ ಕೇಸ್‌ಗಳನ್ನು ಕೊಟ್ಟು, ಜಾತಿವಾರು ಬೇರ್ಪಡಿಸಿ ಕೊಡಲು ಹೇಳಿದ. ಅಡಿಕೆ ಹೆರಕಿ ಚಾಲಿ, ಪಟೋರ, ಕರಿಗೋಟು ಎಂದು ವಿಂಗಡಿಸಿ ಅಭ್ಯಾಸವಿದ್ದ ಕೈ. ಇದೇನು ಮಹಾ ಎಂದುಕೊಂಡು ಬಾಯಿಯ ಅಗಲ ನೋಡಿ ರಾಶಿ ಮಾಡಿದೆ.

ಮರುದಿನ ಅವನು ತೋಟೆ ತುಂಬುವ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಕೇಸ್ ಬಂದಲ್ಲಿ ಕೈ ತಡೆದು ನಿಂತ. ಕೇಸಿನ ಬಾಯಿಯನ್ನು ತುಸು ಅಗಲಿಸುವ ಹಂತದಲ್ಲಿ ಹಿಡಿಕೆಗೆ ಯಾವಾಗಲೂ ಸಿಗುವ ಬಿಗಿ ಆ ಒಂದಕ್ಕೆ ಸಿಗಲಿಲ್ಲವಂತೆ. ತೆಗೆದು ನೋಡಿದರೆ 9 ಮಿ.ಮೀ. ರಾಶಿಯೊಳಗೆ ನಾನು ಹಾಕಿದ .380 ಕೇಸ್ (.380, .45 ಎಂಬಂಥವು ಇಂಚಿನ ಲೆಕ್ಕದಲ್ಲಿ ಕರೆಯುವ ಬೇರೆ ಬೇರೆ ತೋಟೆಗಳ ಹೆಸರು). ಅವನು ಬೈಯಲಿಲ್ಲ, ಆದರೆ ಆ ದಿನದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ನಾನು ವಿಂಗಡಿಸಿದ ರಾಶಿಯನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿದ. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಮುಂದಿನ ವರ್ಷ ಮತ್ತೆ ಹೋಗುವವನಿದ್ದೇನೆ, ಅಷ್ಟರೊಳಗೆ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಬರೆಯುತ್ತಿದ್ದೇನೆ. ಹೊಂದುವ ಕೇಸ್ ಎಂದರೆ ನಿಜವಾಗಿ ಏನು? ಹೆಸರು ಒಂದೇ ಇದ್ದರೂ ತಯಾರಕರ ಪ್ರಕಾರ ಬೇರೆ ಇಡಬೇಕೆಂದು ಮಗ ಹೇಳುವುದೇಕೆ? .45ರ ಕೇಸ್‌ಗಳಲ್ಲಿ ಕೇಪಿನ ಗುಳಿ ಕೆಲವಕ್ಕೆ ದೊಡ್ಡದು, ಕೆಲವಕ್ಕೆ ಸಣ್ಣದು ಇರುವುದೇಕೆ? .38 ಮತ್ತು .357 ಪಕ್ಕಪಕ್ಕ ಇಟ್ಟರೆ ಅಣ್ಣ ತಮ್ಮಂದಿರಂತೆ ಕಾಣುತ್ತವೆ. ಒಂದರ ಬದಲು ಇನ್ನೊಂದು ನಡೆಯುತ್ತದೆಯೇ?

ಕುಂಬಳೆಯ ಮಾಜಿ ಆರ್ಮರರ್:

ಮಾಷ್ಟ್ರೇ, ನಮಸ್ಕಾರ. ಸೇನೆಯಲ್ಲಿ ಆಯುಧ ದುರಸ್ತಿಯ ಕೆಲಸದಲ್ಲಿದ್ದವನು ನಾನು. ಉತ್ತರಿಸುವ ಮೊದಲು ಇದನ್ನು ಓದುವ ನಮ್ಮ ಊರಿನವರಿಗೆ ಒಂದು ಮಾತು ಹೇಳಲೇಬೇಕು. 1959ರ ಆಯುಧ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ದುಗುಂಡು ತಯಾರಿಸುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಮನೆಯಲ್ಲಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲುವುದಿಲ್ಲ. 9 ಮಿ.ಮೀ. ಅಂತೂ ಇಲ್ಲಿ ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರ್ (ನಳಿಗೆಯ ಅಳತೆ). ಆದ್ದರಿಂದ ನಾನು ಬರೆಯುವುದೆಲ್ಲ ನಿಮ್ಮ ಮಗನಂತೆ ಕಾನೂನು ಒಪ್ಪಿದ ಕಡೆ ಮಾಡುವವರ ಕೈಗೆಲಸಕ್ಕೆ ಸಂಬಂಧಿಸಿದ್ದು.

ಹೊಂದುವುದು ಎಂಬ ಮಾತಿನಲ್ಲೇ ಮೋಸವಿದೆ. ಚೇಂಬರಿನೊಳಗೆ, ಅಂದರೆ ಆಯುಧದಲ್ಲಿ ತೋಟೆ ಕೂರುವ ಗೂಡಿನೊಳಗೆ, ಹೋಗಿ ಕುಳಿತ ಮಾತ್ರಕ್ಕೆ ಹೊಂದಿತು ಎಂದು ಹೇಳುವಂತಿಲ್ಲ. ಚೇಂಬರಿನಲ್ಲಿ ಕೇಸ್ ಎಲ್ಲಿ ಆತು ನಿಲ್ಲುತ್ತದೆ ಎಂಬುದನ್ನು ಮೊದಲು ಕೇಳಬೇಕು. 9 ಮಿ.ಮೀ. ಲೂಗರ್ (ಬರಿದೇ 9 ಮಿ.ಮೀ. ಎಂದು ನಾವು ಹೇಳುವುದು ಇದನ್ನೇ), .380, .45 ಇವುಗಳ ತಳದ ಅಂಚು ಮೈಯಿಂದ ಹೊರಗೆ ಚಾಚಿಕೊಂಡಿಲ್ಲ. ಆದ್ದರಿಂದ ಇವು ಬಾಯಿಯ ತುದಿಯಲ್ಲಿ ಆತು ನಿಲ್ಲುತ್ತವೆ. ಚೇಂಬರಿನ ಕೊನೆಯಲ್ಲಿರುವ ಸಣ್ಣ ಮೆಟ್ಟಿಲಿಗೆ ಹಿತ್ತಾಳೆಯ ಬಾಯಿ ತಾಗಬೇಕು. 9 ಮಿ.ಮೀ. ಲೂಗರ್ ಕೇಸಿನ ಉದ್ದ 19.15 ಮಿ.ಮೀ., .380ರದ್ದು 17.3 ಮಿ.ಮೀ. ನೀವು ರಾಶಿಗೆ ಸೇರಿಸಿದ ಆ ಕೇಸ್ ಹೆಚ್ಚುಕಡಿಮೆ ಎರಡು ಮಿಲಿಮೀಟರ್ ಗಿಡ್ಡ. ಅದು ತುಂಬಿ ಹೊರಬಂದಿದ್ದರೆ ಬಾಯಿ ಮೆಟ್ಟಿಲಿಗೆ ತಲುಪುತ್ತಿರಲಿಲ್ಲ. ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆಯೊಂದೇ ಅದನ್ನು ಹಿಡಿದು ನಿಲ್ಲಿಸಬೇಕಾಗುತ್ತಿತ್ತು. ಗುಂಡಿನ ಹಿಡಿತವೂ ಸಡಿಲ. ಎಲ್ಲಕ್ಕಿಂತ ಮುಖ್ಯವಾಗಿ, 9 ಮಿ.ಮೀ.ಗೆ ಅಳೆದ ಮದ್ದು ಅದಕ್ಕಿಂತ ಕಿರಿದಾದ ಜಾಗದಲ್ಲಿ ಉರಿದರೆ ಒತ್ತಡ ಎಲ್ಲಿಗೆ ಏರುತ್ತದೆ ಎಂದು ಭೌತವಿಜ್ಞಾನ ಕಲಿಸಿದ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮಗ ಕೈಗೆ ಸಿಗದ ಬಿಗಿಯನ್ನು ಗಮನಿಸಿ ನಿಂತದ್ದು ದೊಡ್ಡ ಗುಣ.

ಬಾಯಿಯ ಅಗಲ ನೋಡಿ ವಿಂಗಡಿಸಿದ್ದೇ ತಪ್ಪಿನ ಮೂಲ. 9 ಮಿ.ಮೀ. ಲೂಗರ್, .380, ರಷ್ಯದ 9 ಮಿ.ಮೀ. ಮಕಾರೊವ್ ಮೂರರ ಬಾಯಿಯೂ ಕಣ್ಣಿಗೆ ಒಂದೇ. ಮಕಾರೊವ್‌ನ ಉದ್ದ 18 ಮಿ.ಮೀ. ಚಿಲ್ಲರೆ, ಹೆಸರು 9 ಎಂದಿದ್ದರೂ ಅದಕ್ಕೆ ಬೇಕಾದ ಗುಂಡು 9.27 ಮಿ.ಮೀ. ದಪ್ಪದ್ದು. ಹಾಗಾಗಿ ಕೇಸನ್ನು ತಲೆಕೆಳಗೆ ನಿಲ್ಲಿಸಿ, ತಳದ ಮುದ್ರೆಯನ್ನು ಓದಿಯೇ ರಾಶಿಗೆ ಹಾಕಬೇಕು. ಒಂದು ಸಾವಿರ ಇದ್ದರೆ ಸಾವಿರವನ್ನೂ ಓದಬೇಕು. ಬೇರೆ ದಾರಿ ಇಲ್ಲ.

ಕೇಪಿನ ವಿಚಾರ. .45ರ ಕೇಸ್ ಮೊದಲಿನಿಂದಲೂ ದೊಡ್ಡ ಕೇಪಿನದ್ದು. ಈಚಿನ ವರ್ಷಗಳಲ್ಲಿ ಕೆಲವು ತಯಾರಕರು ಸಣ್ಣ ಕೇಪಿನ ಗುಳಿಯಿಟ್ಟು ಮಾಡತೊಡಗಿದ್ದಾರೆ. ದೊಡ್ಡದರ ವ್ಯಾಸ ಸುಮಾರು 5.3 ಮಿ.ಮೀ., ಸಣ್ಣದು ಸುಮಾರು 4.4 ಮಿ.ಮೀ. ಎರಡೂ ಬಳಸಲು ಯೋಗ್ಯವೇ. ಆದರೆ ಒಟ್ಟಿಗೆ ಯಂತ್ರಕ್ಕೆ ಹಾಕಬಾರದು. ದೊಡ್ಡ ಕೇಪನ್ನು ಸಣ್ಣ ಗುಳಿಗೆ ಬಲವಂತದಿಂದ ಒತ್ತಿದರೆ ಅದು ಅಲ್ಲೇ ಸಿಡಿಯಬಹುದು. ಹಿಡಿಕೆ ಬಿಗಿಯಾದರೆ ಜೋರು ಮಾಡಬಾರದು, ನಿಲ್ಲಿಸಿ ನೋಡಬೇಕು.

ಗುಳಿಯ ಒಳಗೂ ಬ್ಯಾಟರಿ ಬೆಳಕು ಬಿಟ್ಟು ನೋಡಿ. ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಪದ್ಧತಿಯ ಕೇಸ್, ತುಂಬುವವರು ಬಳಸುವುದು ಅದನ್ನೇ. ಎರಡು ಸಣ್ಣ ತೂತುಗಳೂ ನಡುವೆ ಒಂದು ಗುಬ್ಬೆಯೂ ಇದ್ದರೆ ಬರ್ಡನ್ ಪದ್ಧತಿಯದ್ದು, ಅದನ್ನು ಬದಿಗಿಡಿ. ಹಳೆಯ ಕೇಪನ್ನು ತಳ್ಳಿ ಹೊರಹಾಕುವ ಸೂಜಿ ಅದರಲ್ಲಿ ತೂರುವುದಿಲ್ಲ, ಮುರಿಯುತ್ತದೆ. ಬಾಕ್ಸರ್ ಇಂಗ್ಲಿಷಿನವನು, ಬರ್ಡನ್ ಅಮೆರಿಕದವನು. ಆದರೂ ಅಮೆರಿಕದವರು ಬಾಕ್ಸರ್ ಪದ್ಧತಿಯನ್ನು ಹಿಡಿದರು, ಯುರೋಪಿನ ಸೇನೆಗಳು ಬಹುಕಾಲ ಬರ್ಡನ್ ಪದ್ಧತಿಯನ್ನು ಹಿಡಿದವು.

ಪೆರ್ಲದ ಲೇತ್ ಕೆಲಸಗಾರ:

ಆರ್ಮರರ್ ಅಣ್ಣನವರು ಹೇಳಿದ್ದು ಸರಿ. ಕೋವಿ ನನ್ನ ಕಸುಬಲ್ಲ, ಅಳತೆ ನನ್ನ ಕಸುಬು. ಆ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ವರ್ನಿಯರ್ ಕ್ಯಾಲಿಪರ್ ಹಿಡಿಯುವಾಗ ಕೇಸಿನ ಬಾಯಿಯನ್ನು ದವಡೆಯ ಚೂಪು ತುದಿಗೆ ಕೊಡದೆ, ಬುಡದ ಅಗಲವಾದ ಭಾಗಕ್ಕೆ ಕೊಟ್ಟು, ಕೇಸನ್ನು ಸ್ವಲ್ಪ ತಿರುಗಿಸುತ್ತಾ ಕನಿಷ್ಠ ಅಳತೆ ಬರುವಲ್ಲಿ ಓದಬೇಕು. ಹಾರಿದ ಕೇಸಿನ ಬಾಯಿ ನೆಲಕ್ಕೆ ಬಿದ್ದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ; ಒಂದೇ ಕಡೆ ಅಳೆದರೆ ತಪ್ಪು ಉತ್ತರ.

9 ಮಿ.ಮೀ. ಕೇಸ್ ನೆಟ್ಟಗಿನ ಕೊಳವೆಯಲ್ಲ ಎಂಬುದನ್ನೂ ಮಾಷ್ಟ್ರು ಗಮನಿಸಬೇಕು. ಬುಡದಿಂದ ಬಾಯಿಯ ಕಡೆಗೆ ತುಸು ಕಿರಿದಾಗುತ್ತಾ ಹೋಗುತ್ತದೆ. ಹಾಗಾಗಿ ಬಾಯಿ ಸರಿ ಇದ್ದರೂ ಬುಡದ ಹತ್ತಿರ ಉಬ್ಬಿದ್ದರೆ ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ತಂಗಿಯ ಮಗ ಕೆನಡಾದಲ್ಲಿ ಇದೇ ಕೆಲಸ ಮಾಡುತ್ತಾನೆ. ಅವನು ಪಿಸ್ತೂಲಿನ ನಳಿಗೆಯನ್ನು ಕಳಚಿ ಕೈಯಲ್ಲಿ ಹಿಡಿದು, ಡೈಯಲ್ಲಿ (ಉಕ್ಕಿನ ಅಚ್ಚಿನಲ್ಲಿ) ಒತ್ತಿ ಅಳತೆಗೆ ತಂದ ಕೇಸನ್ನು ಅದರೊಳಗೆ ಬಿಡುತ್ತಾನೆ. ಟಕ್ಕೆಂದು ತನ್ನ ತೂಕದಿಂದಲೇ ಬಿದ್ದು, ತಲೆಕೆಳಗೆ ಮಾಡಿದಾಗ ತನ್ನಷ್ಟಕ್ಕೆ ಹೊರಬಂದರೆ ಸರಿ. ಬೆರಳಿನಿಂದ ಒತ್ತಬೇಕಾಗಿ ಬಂದರೆ ಅದು ಆ ಪಿಸ್ತೂಲಿನದ್ದಲ್ಲ. ನನಗೆ ತುಂಬ ಹಿಡಿಸಿದ ಪರೀಕ್ಷೆ, ಏಕೆಂದರೆ ಆ ನಳಿಗೆಯೇ ಅಲ್ಲಿ ಗೇಜ್.

ಇನ್ನೊಂದು, ಬಕೆಟಿನ ಮೇಲೆ ಅಯಸ್ಕಾಂತ ಆಡಿಸಿ. ಹಿತ್ತಾಳೆಯ ಬಣ್ಣ ಬಳಿದ ಉಕ್ಕಿನ ಕೇಸ್‌ಗಳು ಎದ್ದು ಬರುತ್ತವೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಬರುವುದಿಲ್ಲ, ಆದರೆ ಕೈಗೆ ಹಗುರ, ಬಣ್ಣ ಬೂದು. ಎರಡನ್ನೂ ತುಂಬಲು ಹೋಗಬಾರದು.

ನೀರ್ಚಾಲಿನ ನಿವೃತ್ತ ಅಧ್ಯಾಪಕ:

ಇಬ್ಬರಿಗೂ ಕೃತಜ್ಞತೆಗಳು. ಬೂದು ಬಣ್ಣ ಎಂದಾಗ ನೆನಪಾಯಿತು: ಬೆಳ್ಳಿಯಂತೆ ಹೊಳೆಯುವ ಕೆಲವು ಕೇಸ್‌ಗಳು ಇದ್ದವು, ಅಯಸ್ಕಾಂತಕ್ಕೆ ಬರಲಿಲ್ಲ, ಹಗುರವೂ ಅಲ್ಲ. ತಯಾರಕರ ಪ್ರಕಾರ ಬೇರೆ ಇಡುವ ಪ್ರಶ್ನೆಗೂ ಉತ್ತರ ಬೇಕಾಗಿದೆ.

ಕುಂಬಳೆಯ ಮಾಜಿ ಆರ್ಮರರ್:

ಹೊಳೆಯುವಂಥವು ನಿಕ್ಕಲ್ ಲೇಪಿಸಿದ ಹಿತ್ತಾಳೆ. ಬಳಸಬಹುದು, ಸಾದಾ ಹಿತ್ತಾಳೆಗಿಂತ ಬೇಗ ಬಾಯಿ ಸೀಳುತ್ತವೆ, ಅಷ್ಟೇ.

ತಯಾರಕರ ವಿಷಯಕ್ಕೆ ಸ್ವಲ್ಪ ದೀರ್ಘವಾಗಿ ಬರೆಯಬೇಕು. ಅಳತೆಯ ನಿಯಮ ಹೊರಗಿನ ಆಕಾರವನ್ನು ಕಟ್ಟಿಹಾಕುತ್ತದೆ. ಒಳಗೆ ಗೋಡೆ ಎಷ್ಟು ದಪ್ಪ, ತಳ ಎಷ್ಟು ದಪ್ಪ ಎಂಬುದು ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುತ್ತದೆ. 9 ಮಿ.ಮೀ. ಕೇಸಿನ ಒಳಜಾಗ ಸುಮಾರು 0.86 ಘನ ಸೆಂಟಿಮೀಟರ್ ಮಾತ್ರ, ಗುಂಡು ಒಳಗೆ ಕುಳಿತ ಮೇಲೆ ಉಳಿಯುವುದು ಇನ್ನೂ ಕಡಿಮೆ. ಅಷ್ಟು ಚಿಕ್ಕ ಜಾಗದಲ್ಲಿ ಗೋಡೆ ಕೂದಲೆಳೆಯಷ್ಟು ದಪ್ಪವಾದರೂ ಅದೇ ಮದ್ದಿಗೆ ಒತ್ತಡ ಹೆಚ್ಚುತ್ತದೆ. ತೋಟೆ ತುಂಬುವವರ ಕೈಪಿಡಿ ಪುಸ್ತಕದಲ್ಲಿ ಕೊಟ್ಟ ಮದ್ದಿನ ಪ್ರಮಾಣ ಅವರು ಪರೀಕ್ಷಿಸಿದ ಕೇಸಿಗೆ ಮಾತ್ರ ಕರಾರುವಾಕ್ಕು. ಕೇಸ್ ಬದಲಾದರೆ ಕೆಳಗಿನ ಪ್ರಮಾಣದಿಂದ ಮತ್ತೆ ಆರಂಭಿಸಬೇಕೆಂದು ಅದೇ ಪುಸ್ತಕಗಳು ಹೇಳುವುದು ಇದೇ ಕಾರಣಕ್ಕೆ. ಗರಿಷ್ಠದ ಹತ್ತಿರ ಹೋಗದೆ, ಸೌಮ್ಯವಾಗಿ ತುಂಬಿ ಗುರಿ ಅಭ್ಯಾಸ ಮಾಡುವವರು ತಯಾರಕರನ್ನು ಬೆರೆಸಿಯೂ ಬಳಸುತ್ತಾರೆ. ಆದರೂ ಬೇರೆ ಇಡುವುದೇ ನನ್ನ ಅಭಿಪ್ರಾಯದಲ್ಲಿ ಮರ್ಯಾದೆಯ ಕೆಲಸ.

ಇದನ್ನು ನೀವೇ ಅಳೆಯಬಹುದು, ಮಾಷ್ಟ್ರೇ. ಹಾರಿದ ಕೇಪನ್ನು ತೆಗೆಯದೆ ಹಾಗೇ ಬಿಟ್ಟು, ಕೇಸನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಆಮೇಲೆ ಬಾಯಿಮಟ್ಟ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸವೇ ಒಳಜಾಗ. ಬೇರೆ ಬೇರೆ ಮುದ್ರೆಯ ಹತ್ತು ಹತ್ತು ಕೇಸ್‌ಗಳನ್ನು ಹೀಗೆ ನೋಡಿದರೆ ಮಗ ಹೇಳುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಇದಕ್ಕಿಂತ ಗಂಭೀರವಾದದ್ದು ಒಳಗೆ ಮೆಟ್ಟಿಲಿರುವ 9 ಮಿ.ಮೀ. ಕೇಸ್‌ಗಳು. ಹೊರಗಿನಿಂದ ಏನೂ ತಿಳಿಯುವುದಿಲ್ಲ. ಬಾಯಿಯಿಂದ ಬೆಳಕು ಬಿಟ್ಟು ನೋಡಿದರೆ, ಕೆಳಭಾಗದ ಗೋಡೆ ಒಮ್ಮೆಲೇ ದಪ್ಪವಾಗಿ ಬಾವಿಯ ಒಳಗಿನ ಕಟ್ಟೆಯ ಹಾಗೆ ಉಂಗುರಾಕಾರದ ಅಂಚು ಕಾಣುತ್ತದೆ. ಒಳಜಾಗ ಕಡಿಮೆ ಎಂಬುದು ಒಂದು; ಕೆಲವು ಸಲ ಬಳಸಿದ ಮೇಲೆ ಆ ಅಂಚಿನಲ್ಲೇ ಕೇಸ್ ಎರಡು ತುಂಡಾಗಿ, ಮೇಲಿನ ಭಾಗ ಚೇಂಬರಿನಲ್ಲೇ ಉಳಿಯುವುದು ಇನ್ನೊಂದು. ಕಂಡಲ್ಲಿ ಗುಜರಿಗೆ ಹಾಕಿ.

ಸೇನೆಯ ಕೇಸ್‌ಗಳ ತಳದಲ್ಲಿ ವೃತ್ತದೊಳಗೆ ಕೂಡಿಸುವ ಚಿಹ್ನೆಯಂಥ ಗುರುತು ಇದ್ದರೆ ಅದು ನ್ಯಾಟೋ ಮುದ್ರೆ. ಹಿತ್ತಾಳೆ ಒಳ್ಳೆಯದು, ಆದರೆ ಕೇಪು ಜಾರದಂತೆ ಗುಳಿಯ ಅಂಚನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಆ ಅಂಚನ್ನು ಅದಕ್ಕೆಂದೇ ಇರುವ ಉಪಕರಣದಿಂದ ಸರಿಪಡಿಸದೆ ಹೊಸ ಕೇಪು ಒತ್ತಬಾರದು.

.38 ಮತ್ತು .357: ಮೈಯ ದಪ್ಪ ಎರಡಕ್ಕೂ ಒಂದೇ. .38 ಸ್ಪೆಷಲ್ ಕೇಸ್ 29.3 ಮಿ.ಮೀ., .357 ಮ್ಯಾಗ್ನಮ್ 32.8 ಮಿ.ಮೀ. 1930ರ ದಶಕದಲ್ಲಿ .357 ಬಂದಾಗ ಅದು ಹಳೆಯ .38 ರಿವಾಲ್ವರಿನೊಳಗೆ ಹೋಗಬಾರದೆಂದೇ ಉದ್ದ ಮಾಡಿದರು, ಏಕೆಂದರೆ ಅದರ ಒತ್ತಡ ಬಹಳ ಹೆಚ್ಚು. ಹೀಗಾಗಿ .357 ರಿವಾಲ್ವರಿನಲ್ಲಿ .38 ತೋಟೆ ನಡೆಯುತ್ತದೆ, ತಿರುಗುಮುರುಗು ನಡೆಯದು. ತುಂಬುವಾಗ ಮ್ಯಾಗ್ನಮಿನ ಮದ್ದಿನ ಪ್ರಮಾಣ ಎಂದೂ .38ರ ಕೇಸಿಗೆ ಹೋಗಬಾರದು. ಆ ತೋಟೆ ಯಾವುದೋ ಒಂದು ದಿನ ಹಳೆಯ.38 ರಿವಾಲ್ವರಿಗೆ ಹೋಗಿ ಕೂರುತ್ತದೆ.

ಮುಳ್ಳೇರಿಯದ ಕೃಷಿಕ:

ಪಿಸ್ತೂಲು ನನಗೆ ಗೊತ್ತಿಲ್ಲ. ನಮ್ಮ ಅಜ್ಜನ ಕಾಲದ ಹನ್ನೆರಡು ಬೋರಿನ ತೋಟೆ ಕೋವಿಗೆ ಪೂರ್ತಿ ಹಿತ್ತಾಳೆಯ ಕೇಸ್‌ಗಳಿದ್ದವು. ಅಜ್ಜ ತೀರಿಕೊಂಡ ಮೇಲೆ ಕೋವಿಯನ್ನು ಕ್ರಮಪ್ರಕಾರ ಒಪ್ಪಿಸಿಯಾಗಿತ್ತು. ಆದರೆ ಏನೂ ತುಂಬದ ನಾಲ್ಕೈದು ಖಾಲಿ ಕೇಸ್‌ಗಳು ದನದ ಹಟ್ಟಿಯ ಅಟ್ಟದಲ್ಲಿ ಹಳೆಯ ಗೋಣಿಯೊಳಗೆ ಉಳಿದುಹೋಗಿದ್ದವು. ಅಟ್ಟ ರಿಪೇರಿ ಮಾಡುವಾಗ ಅವು ಸಿಕ್ಕಿದವು. ಒರಸಿ ನೋಡಿದರೆ ಎರಡು ಕೇಸ್‌ಗಳ ಬಾಯಿಂದ ಕೆಳಗೆ ಉದ್ದಕ್ಕೆ ಕೂದಲಿನಂಥ ಸೀಳು. ಯಾರೂ ಹಾರಿಸಿಲ್ಲ, ಬೀಳಿಸಿಲ್ಲ. ಮೇಲೆ ಕಿಲುಬೂ ಅಷ್ಟೊಂದು ಇರಲಿಲ್ಲ. ಇದು ಹೇಗಾಯಿತು ಎಂದು ತಿಳಿದವರು ಹೇಳಬಹುದೇ?

ಕಾಸರಗೋಡಿನ ರಸಾಯನಶಾಸ್ತ್ರ ಉಪನ್ಯಾಸಕಿ:

ಮುಳ್ಳೇರಿಯದ ಅಣ್ಣನವರ ಪ್ರಶ್ನೆಗೆ ಉತ್ತರ ಅವರ ಹಟ್ಟಿಯಲ್ಲೇ ಇದೆ. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ತಗಡನ್ನು ತಣ್ಣಗಿರುವಾಗಲೇ ಎಳೆದು ಎಳೆದು ಕೊಳವೆ ಮಾಡುವುದರಿಂದ ಲೋಹದೊಳಗೆ ಒಂದು ಬಿಗಿತ ಉಳಿದುಕೊಂಡಿರುತ್ತದೆ. ಹಾಗೆ ಬಿಗಿತ ಉಳಿದ ಹಿತ್ತಾಳೆಗೆ ತೇವವಿರುವ ಗಾಳಿಯಲ್ಲಿ ಅಮೋನಿಯಾ ತಾಗಿದರೆ ಹರಳುಗಳ ನಡುವಿನ ಗೆರೆಗುಂಟ ಸೀಳು ಹಿಡಿಯುತ್ತದೆ. ಗಂಜಲ ಕೊಳೆತಾಗ ಬರುವ ಘಾಟು ಅಮೋನಿಯಾದ್ದೇ.

ಇದು ಮೊದಲು ಎದ್ದು ಕಂಡದ್ದು ನಮ್ಮ ದೇಶದ ಮಳೆಗಾಲದಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೇನೆ ಮಳೆಗಾಲ ಮುಗಿಯುವ ತನಕ ತೋಟೆಗಳನ್ನು ಕುದುರೆಲಾಯಗಳಲ್ಲಿ ಇಟ್ಟಿತ್ತು. ತೆಗೆದು ನೋಡಿದಾಗ ಕೇಸ್‌ಗಳು ಸೀಳಿದ್ದವು. ಮಳೆಗಾಲದ ಕಾಯಿಲೆ ಎಂಬ ಅರ್ಥದಲ್ಲಿ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೇ ಉಳಿಯಿತು. ಕುದುರೆಯ ಮೂತ್ರದ ಅಮೋನಿಯಾವೇ ಕಾರಣವೆಂದು ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬವರು 1921ರಲ್ಲಿ ವಿವರಿಸಿದರು.

ಹಾಗಾಗಿ ಮಾಷ್ಟ್ರೇ, ನಿಮ್ಮ ಮಗ ಅಮೋನಿಯಾ ಸೇರಿದ ಲೋಹದ ಪಾಲಿಶ್‌ನಿಂದ ಕೇಸ್ ಉಜ್ಜುತ್ತಿದ್ದರೆ ದಯವಿಟ್ಟು ನಿಲ್ಲಿಸಲು ಹೇಳಿ. ಹುಳಿಯಿಂದ ತೊಳೆಯಬಹುದು, ಅಲ್ಲಿ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಬಳಸುತ್ತಾರೆ, ನಾವು ಕಾಲುದೀಪಕ್ಕೆ ಬಿಂಬುಳಿ ಉಜ್ಜಿದಂತೆಯೇ. ಆದರೆ ಹೆಚ್ಚು ಹೊತ್ತು ಬಿಡಬಾರದು. ದೀಪವನ್ನು ರಾತ್ರಿಯಿಡೀ ಹುಣಸೆಹುಳಿಯಲ್ಲಿ ಮರೆತುಬಿಟ್ಟರೆ ಬೆಳಿಗ್ಗೆ ಹಳದಿ ಹೋಗಿ ಕೆಂಪು ಛಾಯೆ ಬಂದಿರುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಸತು ಕರಗಿ ತಾಮ್ರ ಮೇಲೆ ಉಳಿದ ಗುರುತು ಅದು. ಹಾಗೆ ಕೆಂಪಡರಿದ ಕೇಸ್ ಬಲ ಕಳೆದುಕೊಂಡದ್ದು.

ಇನ್ನೊಂದು ಮಾತನ್ನು ತಾಯಿಯ ಸ್ಥಾನದಲ್ಲಿ ನಿಂತು ಹೇಳುತ್ತೇನೆ. ಹಾರಿದ ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ. ಕೇಸ್ ಮುಟ್ಟಿದ ಕೈಯನ್ನು ತೊಳೆಯದೆ ಊಟ ಮಾಡಬಾರದು, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಾರದು, ಅಡುಗೆ ಮನೆಯ ಪಾತ್ರೆಯಲ್ಲಿ ಕೇಸ್ ತೊಳೆಯಲೇಬಾರದು.

ಮಂಜೇಶ್ವರದ ಶೂಟರ್:

ನಾನು 25 ಮೀಟರ್ ಪಿಸ್ತೂಲು ಸ್ಪರ್ಧೆಗೆ ಅಭ್ಯಾಸ ಮಾಡುವವಳು. ನಮ್ಮದು .22, ಅದರಲ್ಲಿ ಕೇಪು ಬೇರೆ ಇರುವುದಿಲ್ಲ, ಸಿಡಿಯುವ ಪದಾರ್ಥ ತಳದ ಅಂಚಿನೊಳಗೇ ಇರುತ್ತದೆ, ಆದ್ದರಿಂದ ಮಾಷ್ಟ್ರು ಬಕೆಟಿನಲ್ಲಿ.22 ಕಂಡರೆ ನೇರ ಗುಜರಿಗೆ ಹಾಕಬಹುದು. ನನ್ನ ಪ್ರಶ್ನೆ ಬೇರೆ. ನಮ್ಮಲ್ಲಿ ಲೈಸೆನ್ಸ್ ಇರುವವರು .32 ಎಂದಷ್ಟೇ ಹೇಳುತ್ತಾರೆ. ರಿವಾಲ್ವರಿನ .32, ಪಿಸ್ತೂಲಿನ .32 ಎರಡೂ ಒಂದೆಯೇ?

ಕುಂಬಳೆಯ ಮಾಜಿ ಆರ್ಮರರ್:

ಒಳ್ಳೆಯ ಪ್ರಶ್ನೆ ಕೇಳಿದಿರಿ, ತಂಗಿ. ಒಂದೇ ಅಲ್ಲ. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರಿನದ್ದು .32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ತೋಟೆ. 1896ರದ್ದು, ಕೇಸ್ 23.4 ಮಿ.ಮೀ. ಉದ್ದ, ತಳದ ಅಂಚು ಹೊರಚಾಚಿದ್ದು, ಆ ಅಂಚಿನಲ್ಲೇ ಆತು ನಿಲ್ಲುತ್ತದೆ. ಪಿಸ್ತೂಲಿನ .32 ಎಂದರೆ .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲು), 1899ರದ್ದು, ಕೇಸ್ 17.3 ಮಿ.ಮೀ. ಮಾತ್ರ, ಅಂಚು ಅರೆಬರೆ ಚಾಚಿದ್ದು. ಮೈಯ ದಪ್ಪ, ಗುಂಡಿನ ದಪ್ಪ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪಿಸ್ತೂಲಿನ ಗಿಡ್ಡ ತೋಟೆ ರಿವಾಲ್ವರಿನ ಚೇಂಬರಿನೊಳಗೆ ಜಾರಿ ಕೂರಲೂಬಹುದು. ಆದರೆ ಆ ಗಿಡ್ಡ ತೋಟೆಯ ಒತ್ತಡದ ಮಿತಿಯೇ ಉದ್ದ ತೋಟೆಯದಕ್ಕಿಂತ ಹೆಚ್ಚು. ಗಿಡ್ಡದಾದ ಕಾರಣ ಸೌಮ್ಯವಿರಬೇಕು ಎಂದು ತಿಳಿದವರು ತಪ್ಪುತ್ತಾರೆ. ಅಂಗಡಿಯಲ್ಲಿ .32 ಕೊಡಿ ಎಂದು ಹೇಳದೆ, ಪೂರ್ತಿ ಹೆಸರು ಹೇಳಿ, ಪೆಟ್ಟಿಗೆಯ ಮೇಲಿನ ಅಕ್ಷರವನ್ನೂ ತೋಟೆಯ ತಳವನ್ನೂ ಓದಿಯೇ ತೆಗೆದುಕೊಳ್ಳಬೇಕು.

ನೀರ್ಚಾಲಿನ ನಿವೃತ್ತ ಅಧ್ಯಾಪಕ:

ಇಲ್ಲಿನ ಉತ್ತರಗಳನ್ನೆಲ್ಲ ಮಗನಿಗೆ ಓದಿ ಹೇಳಿದೆ. ಪಾಲಿಶ್ ಡಬ್ಬಿಯ ಮೇಲೆ ಬರೆದದ್ದನ್ನು ಫೋನಿನಲ್ಲೇ ಓದಿಸಿದೆ, ಅಮೋನಿಯಾ ಇತ್ತು. ಅದನ್ನು ತೆಗೆದಿಟ್ಟಿದ್ದಾನೆ. ಆ ಪಾಲಿಶ್ ತಾಗಿದ ಕೇಸ್‌ಗಳನ್ನು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿದಾಗ ಐದರಲ್ಲಿ ಬಾಯಿಯ ಹತ್ತಿರ ಸೀಳು ಕಂಡಿತಂತೆ. ಉಳಿದವನ್ನೂ ಬಳಸದೆ ಗುಜರಿಗೆ ಕೊಡುತ್ತೇನೆ ಎಂದ.

ನೀರು ತುಂಬಿ ತೂಗುವ ಪರೀಕ್ಷೆಯನ್ನು ಅವನ ಹತ್ತು ವರ್ಷದ ಮಗಳು, ಅಂದರೆ ನನ್ನ ಮೊಮ್ಮಗಳು, ಕೈಗೆ ಉದ್ದ ಗವಸು ಹಾಕಿಕೊಂಡು ಅಪ್ಪನ ಎದುರಿನಲ್ಲೇ ಮಾಡಿದಳು. ನಾಲ್ಕು ಮುದ್ರೆಗಳು, ಒಂದೊಂದರಲ್ಲಿ ಹತ್ತು. ನೀರು ಬಾಯಿಯ ಮೇಲೆ ಗುಮ್ಮಟದ ಹಾಗೆ ಉಬ್ಬಿ ನಿಂತು ಲೆಕ್ಕ ತಪ್ಪುತ್ತಿತ್ತು. ಗಾಜಿನ ತುಂಡೊಂದನ್ನು ಬಾಯಿಯ ಮೇಲೆ ಸರಿಸಿ ಮಟ್ಟ ಮಾಡಲು ನಾನು ಇಲ್ಲಿಂದ ಹೇಳಿಕೊಟ್ಟೆ. ನಾಲ್ಕರಲ್ಲಿ ಒಂದು ಮುದ್ರೆಯ ಹತ್ತೂ ಕೇಸ್‌ಗಳು ಉಳಿದವುಗಳಿಗಿಂತ ಕಡಿಮೆ ನೀರು ಹಿಡಿದವು. ಬೆಳಕು ಬಿಟ್ಟು ನೋಡಿದರೆ ಹತ್ತರಲ್ಲೂ ಒಳಗೆ ಮೆಟ್ಟಿಲು. ಆ ಮುದ್ರೆಯದ್ದು ಬಕೆಟಿನಲ್ಲಿ ಇನ್ನೆಷ್ಟಿವೆ ಎಂದು ಈಗ ಇಬ್ಬರೂ ಹುಡುಕುತ್ತಿದ್ದಾರೆ; ನಿನ್ನೆ ರಾತ್ರಿಯವರೆಗೆ ಮೂವತ್ತೊಂದು ಸಿಕ್ಕಿವೆ.